ಕಲ್ಕತ್ತಕ್ಕೆ ಹೊರಟು ಅರ್ಧ ದಾರಿಯಲ್ಲಿ ಮರಳಿದ ಕವಿ

1841ರ ಜೂನ್ 9ರಂದು ಫ್ರಾನ್ಸಿನ ಬೋರ್ದೋ ಬಂದರಿನಿಂದ ಕಲ್ಕತ್ತಕ್ಕೆ ಒಂದು ಹಡಗು ಹೊರಟಿತು. ಅದರಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗನಿದ್ದ. ಆ ಪ್ರಯಾಣ ಅವನಿಗೆ ಬೇಕಿರಲಿಲ್ಲ. ಕಾನೂನು ಓದಲು ಹೆಸರು ಹಚ್ಚಿ ತರಗತಿಯ ಕಡೆ ತಲೆ ಹಾಕದೆ, ಕೆಲಸಕ್ಕೂ ಸೇರದೆ, ಊರ ತುಂಬ ಸಾಲ ಮಾಡಿಕೊಂಡು, ತಾನು ಬರಹಗಾರನೇ ಆಗುತ್ತೇನೆ ಎಂದು ಹಟ ಹಿಡಿದಿದ್ದ. ಅವನನ್ನು ದಾರಿಗೆ ತರಲೆಂದು ಮನೆಯವರೇ ಹಡಗು ಹತ್ತಿಸಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮಗನನ್ನು ನಮ್ಮ ಕಡೆ ಹುಬ್ಬಳ್ಳಿಗೋ ಬೆಂಗಳೂರಿಗೋ ಸಂಬಂಧಿಕರ ಹತ್ತಿರ ಕಳಿಸುತ್ತಾರಲ್ಲ, ಅದೇ ರೀತಿ. ಆ ಹುಡುಗನ ಹೆಸರು ಶಾರ್ಲ್ ಬೋದಿಲೇರ್. ಮುಂದೆ ಫ್ರೆಂಚ್ ಕಾವ್ಯದ ದಿಕ್ಕನ್ನೇ ಬದಲಿಸಿದವನು.

ಕನ್ನಡ ಓದುಗರಿಗೆ ಈ ಹೆಸರು ಹೊಸದಲ್ಲ. ಪಿ. ಲಂಕೇಶ್ ಅವರು 1970ರ ದಶಕದಲ್ಲಿ ಇವನ ಕವಿತೆಗಳನ್ನು ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಪುಸ್ತಕಕ್ಕಿಂತ ಮೊದಲು ಅವನ ಬಗೆಗಿನ ಮಾತು ಸಿಗುತ್ತದೆ: ಅಫೀಮಿನ ಕವಿ, ಸಾಲಗಾರ, ಕೋರ್ಟಿನಿಂದ ದಂಡ ಹಾಕಿಸಿಕೊಂಡವ. ಇದರಲ್ಲಿ ಸುಳ್ಳು ಕಡಿಮೆ. ಆದರೆ ಇಷ್ಟೇ ಅವನಲ್ಲ. ಇಂದೂರದಂಥ ಊರಿನಲ್ಲಿ ಕೂತು ಪ್ಯಾರಿಸಿನ ಕವಿಯೊಬ್ಬನನ್ನು ಅರಿಯಬೇಕೆಂದರೆ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೊಂದೇ ದಾರಿ. ಹಾಗೆ ನೋಡುತ್ತಾ ಹೋದರೆ ಮಾತಿನ ಬೋದಿಲೇರ್ ಹಿಂದೆ ಸರಿದು, ದುಡಿಮೆಗಾರನಾದ ಇನ್ನೊಬ್ಬ ಬೋದಿಲೇರ್ ಎದುರಿಗೆ ಬರುತ್ತಾನೆ.

ಅವನು ಹುಟ್ಟಿದ್ದು 1821ರ ಏಪ್ರಿಲ್ 9ರಂದು, ಪ್ಯಾರಿಸಿನಲ್ಲಿ. ತಂದೆ ಮೊದಲು ಪಾದ್ರಿಯಾಗಿದ್ದು, ಆಮೇಲೆ ಸರ್ಕಾರಿ ಕೆಲಸಕ್ಕೆ ಸೇರಿದವರು. ಚಿತ್ರ ಬರೆಯುವ ಹವ್ಯಾಸವಿತ್ತು. ಮಗ ಹುಟ್ಟಿದಾಗ ಅವರಿಗೆ ಅರವತ್ತು ದಾಟಿತ್ತು, ತಾಯಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಗನಿಗೆ ಆರು ತುಂಬುವ ಮೊದಲೇ, 1827ರಲ್ಲಿ, ತಂದೆ ತೀರಿಕೊಂಡರು. ಮರುವರ್ಷ ತಾಯಿ ಒಪಿಕ್ ಎಂಬ ಸೇನಾಧಿಕಾರಿಯನ್ನು ಮದುವೆಯಾದರು. ಒಪಿಕ್ ಶಿಸ್ತಿನ ಮನುಷ್ಯ. ಮುಂದೆ ಜನರಲ್, ರಾಯಭಾರಿ, ಸೆನೆಟರ್ ಹೀಗೆ ಏರಿದವರು. ಮಗನೂ ಅದೇ ಏಣಿ ಹತ್ತಲಿ ಎಂದು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತಾಯಿ ತನ್ನೊಬ್ಬನವಳು ಎಂದುಕೊಂಡಿದ್ದ ಹುಡುಗನಿಗೆ ಆ ಮದುವೆ ಒಳಗೊಳಗೇ ಗಾಯವಾಯಿತು.

ಶಾಲೆಯಲ್ಲಿ ಅವನು ದಡ್ಡನಾಗಿರಲಿಲ್ಲ. ಲ್ಯಾಟಿನ್ ಪದ್ಯರಚನೆಯಲ್ಲಿ ದೇಶಮಟ್ಟದ ಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದ. ಆದರೆ 1839ರಲ್ಲಿ ಪ್ಯಾರಿಸಿನ ಹೆಸರಾಂತ ಲೂಯಿ ಲ ಗ್ರಾನ್ ಶಾಲೆಯಿಂದ ಅವನನ್ನು ಹೊರಗೆ ಹಾಕಿದರು. ಗೆಳೆಯನೊಬ್ಬ ಕೊಟ್ಟ ಚೀಟಿಯನ್ನು ಮೇಷ್ಟ್ರು ಕೇಳಿದಾಗ ಕೊಡದೆ ನುಂಗಿಬಿಟ್ಟ, ಅದೇ ಅಪರಾಧ. ಅದೇ ವರ್ಷ ಬೇರೆ ಕಡೆಯಿಂದ ಪರೀಕ್ಷೆ ಕಟ್ಟಿ ಪಾಸಾದ. ಆಮೇಲಿನದು ಕಾನೂನು ಕಾಲೇಜಿನ ನೆಪ, ಸಾಲ, ಕವಿಗಳ ಸಹವಾಸ, ಕೊನೆಗೆ ಹಡಗು.

ಆ ಪ್ರಯಾಣದ ಕತೆ ಪುಸ್ತಕಗಳಲ್ಲಿ ಎರಡು ಬಗೆಯಲ್ಲಿ ಸಿಗುತ್ತದೆ. ತಾನು ಭಾರತ ಸುತ್ತಿ ಬಂದವನು ಎಂಬ ಮಾತನ್ನು ಬೋದಿಲೇರನೇ ಮುಂದೆ ಹಬ್ಬಿಸಿದ. ಅವನು ತೀರಿಕೊಂಡ ಮೇಲೆ, 1868ರಲ್ಲಿ ಬಂದ ಸಂಗ್ರಹಕ್ಕೆ ಗೆಳೆಯ ಥಿಯೋಫಿಲ್ ಗೋತಿಯೆ ಬರೆದ ದೀರ್ಘ ಮುನ್ನುಡಿಯಲ್ಲೂ ಅವನು ಬಹುಶಃ ಸಿಂಹಳಕ್ಕೆ, ಭಾರತದ ಕೆಲವು ತಾಣಗಳಿಗೆ ಹೋಗಿದ್ದಿರಬೇಕು ಎಂಬ ಧಾಟಿಯಿದೆ. ಗೋತಿಯೆ ದೊಡ್ಡ ಲೇಖಕ, ಹತ್ತಿರದ ಗೆಳೆಯ. ಅವನ ಮಾತನ್ನು ಯಾರಾದರೂ ನಂಬುತ್ತಾರೆ.

ಆದರೆ ಇನ್ನೊಂದು ಕಾಗದ ಉಳಿದುಕೊಂಡಿದೆ. ಹಡಗಿನ ಕ್ಯಾಪ್ಟನ್ 1841ರ ಅಕ್ಟೋಬರಿನಲ್ಲಿ ಬೂರ್ಬೋನ್ ದ್ವೀಪದಿಂದ, ಅಂದರೆ ಇಂದಿನ ರೀಯೂನಿಯನ್‌ನಿಂದ, ಒಪಿಕ್ ಅವರಿಗೆ ಬರೆದ ಪತ್ರ ಅದು. ಆಫ್ರಿಕದ ತುದಿಯ ಹತ್ತಿರ ಬಿರುಗಾಳಿಗೆ ಸಿಕ್ಕು ಹಡಗು ಜಖಂ ಆಗಿತ್ತು. ರಿಪೇರಿಗಾಗಿ ಮಾರಿಷಸ್‌ನಲ್ಲಿ ನಿಂತಿತು. ಹುಡುಗ ಯಾರೊಂದಿಗೂ ಬೆರೆಯದೆ ಮಂಕಾಗಿದ್ದ, ಸಾಹಿತ್ಯ ಬಿಟ್ಟು ಬೇರೆ ಯಾವ ಕಸುಬಿನ ಮಾತನ್ನೂ ಕೇಳಲೊಲ್ಲ, ಮುಂದಕ್ಕೆ ಬರಲೂ ಒಲ್ಲ ಎಂಬುದು ಆ ಪತ್ರದ ಸಾರ. ನವೆಂಬರಿನಲ್ಲಿ ಅವನು ಬೇರೊಂದು ಹಡಗು ಹಿಡಿದು ಹಿಂತಿರುಗಿದ. 1842ರ ಫೆಬ್ರುವರಿಯಲ್ಲಿ ಬೋರ್ದೋ ಮುಟ್ಟಿದ. ಭಾರತದ ಕರಾವಳಿಯನ್ನು ಅವನು ಕಣ್ಣಿಂದಲೂ ನೋಡಲಿಲ್ಲ.

ಇದರಲ್ಲಿ ಸಂಶೋಧನೆಯ ಮೊದಲ ಪಾಠವಿದೆ. ಇಪ್ಪತ್ತೇಳು ವರ್ಷದ ನಂತರ ಪ್ರೀತಿಯಿಂದ ಬರೆದ ಮುನ್ನುಡಿ ಒಂದು ಕಡೆ. ಆ ತಿಂಗಳೇ, ಲೆಕ್ಕ ಒಪ್ಪಿಸಬೇಕಾದವನು ಬರೆದ ಪತ್ರ ಇನ್ನೊಂದು ಕಡೆ. ಯಾವುದರ ತೂಕ ಹೆಚ್ಚು ಎಂದು ನಿರ್ಧರಿಸಲು ಫ್ರೆಂಚ್ ಪಂಡಿತರೇ ಆಗಬೇಕಿಲ್ಲ. ಎರಡನ್ನೂ ತೆರೆದು ತಾರೀಖು ನೋಡುವ ತಾಳ್ಮೆ ಇದ್ದರೆ ಸಾಕು.

ಭಾರತ ಕಾಣದಿದ್ದರೂ ಅವನ ಕಾವ್ಯದಲ್ಲಿ ‘ಮಲಬಾರಿನ ಹೆಣ್ಣು’ ಒಬ್ಬಳಿದ್ದಾಳೆ. ಅವಳನ್ನು ಕುರಿತ ಕವಿತೆ 1846ರಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಮಲಬಾರ್ ಎಂದಕೂಡಲೇ ನಮಗೆ ಕಾಸರಗೋಡಿನ ಆಚೆಯ ಕರಾವಳಿ ನೆನಪಾಗುತ್ತದೆ. ಆದರೆ ಆ ದ್ವೀಪಗಳಲ್ಲಿ ಆ ಪದಕ್ಕೆ ಬೇರೆ ಅರ್ಥವಿತ್ತು. ದಕ್ಷಿಣ ಭಾರತದಿಂದ ಹೋದವರನ್ನೆಲ್ಲ, ಅದರಲ್ಲೂ ತಮಿಳರನ್ನು, ಅಲ್ಲಿ ಮಲಬಾರಿನವರು ಎಂದೇ ಕರೆಯುತ್ತಿದ್ದರು. ರೀಯೂನಿಯನ್‌ನಲ್ಲಿ ಇಂದಿಗೂ ಭಾರತ ಮೂಲದ ತಮಿಳರಿಗೆ ‘ಮಲ್ಬಾರ್’ ಎಂಬ ಹೆಸರೇ ಇದೆ. ಕಬ್ಬಿನ ತೋಟಗಳಲ್ಲಿ ದುಡಿಯಲು 1834ರಿಂದ ನಮ್ಮ ಜನರನ್ನು ಕರಾರು ಕೂಲಿಗಳಾಗಿ ಮಾರಿಷಸ್‌ಗೆ ಒಯ್ಯಲಾಗುತ್ತಿತ್ತು. ಬೂರ್ಬೋನ್‌ನಲ್ಲಿ 1848ರವರೆಗೂ ಗುಲಾಮಗಿರಿ ಇತ್ತು. ಕವಿ ನೋಡಿದ್ದು ಆ ಭಾರತವನ್ನು, ಹಡಗಿನಲ್ಲಿ ದಾಟಿಹೋದ ಭಾರತವನ್ನು. ಕವಿತೆಯ ಹೆಸರಿನ ಒಂದೇ ಪದದ ಬೆನ್ನು ಹತ್ತಿದರೆ ಕಾವ್ಯದ ಕಪಾಟಿನಿಂದ ಇತಿಹಾಸದ ಕಪಾಟಿಗೆ ಹೋಗಬೇಕಾಗುತ್ತದೆ.

ಊರಿಗೆ ಮರಳಿದ ಎರಡೇ ತಿಂಗಳಲ್ಲಿ ಅವನಿಗೆ ಇಪ್ಪತ್ತೊಂದು ತುಂಬಿತು. ತಂದೆಯ ಆಸ್ತಿಯ ಪಾಲು, ಸುಮಾರು 1 ಲಕ್ಷ ಫ್ರಾಂಕ್, ಕೈಗೆ ಬಂತು. ಚಂದದ ಬಟ್ಟೆ, ಚಿತ್ರಗಳು, ದುಬಾರಿ ಬಾಡಿಗೆಯ ಮನೆ. ಎರಡು ವರ್ಷದಲ್ಲಿ ಅರ್ಧದಷ್ಟು ಹಣ ಕರಗಿತು. ಮನೆಯವರು ಕೋರ್ಟಿಗೆ ಹೋದರು. 1844ರಲ್ಲಿ ಅನ್ಸೆಲ್ ಎಂಬ ವಕೀಲರನ್ನು ಅವನ ಹಣದ ಮೇಲ್ವಿಚಾರಕರನ್ನಾಗಿ ನೇಮಿಸಲಾಯಿತು. ಅಂದಿನಿಂದ ಸಾಯುವವರೆಗೆ ಬೋದಿಲೇರ್ ತನ್ನದೇ ಹಣಕ್ಕಾಗಿ ಇನ್ನೊಬ್ಬರ ಮುಂದೆ ಕೈಚಾಚಿದ. ತಿಂಗಳಿಗೆ ಒಂದಿಷ್ಟು ಹಣ, ಅದು ಬಾಡಿಗೆಗೂ ಹಳೆ ಸಾಲಗಾರರಿಗೂ ಸಾಲದು. ಮನೆಯಿಂದ ಮನೆಗೆ, ಲಾಡ್ಜಿನಿಂದ ಲಾಡ್ಜಿಗೆ ಬದಲಾಯಿಸುತ್ತಲೇ ಇದ್ದ. ತಾಯಿಗೆ ಬರೆದ ಪತ್ರಗಳಲ್ಲಿ ಹಣದ ಮಾತಿಲ್ಲದ ಪತ್ರ ಹುಡುಕುವುದೇ ಕಷ್ಟ. ಈ ಭಾಗವನ್ನು ಓದುವಾಗ ಅವನ ಬಗ್ಗೆ ಕನಿಕರವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಆದರೆ ಇದೇ ವರ್ಷಗಳಲ್ಲಿ ಅವನು ಕೆಲಸ ಮಾಡುತ್ತಲೇ ಇದ್ದ. ಮೊದಲು ಹೆಸರು ಬಂದದ್ದು ಕವಿತೆಯಿಂದಲ್ಲ, ಚಿತ್ರಕಲಾ ಪ್ರದರ್ಶನಗಳ ವಿಮರ್ಶೆಯಿಂದ. 1845 ಮತ್ತು 1846ರ ಪ್ರದರ್ಶನಗಳ ಮೇಲೆ ಅವನು ಬರೆದ ಪುಸ್ತಿಕೆಗಳನ್ನು ಕಲಾವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಇನ್ನೊಂದು ದುಡಿಮೆ ಅನುವಾದ. ಸುಮಾರು 1847ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋನ ಕತೆಗಳು ಅವನ ಕಣ್ಣಿಗೆ ಬಿದ್ದವು. ಲಂಡನ್ನಿನಲ್ಲಿ ಹುಟ್ಟಿದ ತಾಯಿಯಿಂದ ಇಂಗ್ಲಿಷಿನ ಪರಿಚಯವಿತ್ತು. ಉಳಿದದ್ದನ್ನು ನಿಘಂಟು ಹಿಡಿದು ಕಲಿತ. 1848ರಲ್ಲಿ ಮೊದಲ ಅನುವಾದ ಅಚ್ಚಾಯಿತು, 1865ರಲ್ಲಿ ಐದನೆಯ ಸಂಪುಟ ಬಂತು. ಹದಿನೇಳು ವರ್ಷ! ಸೋಮಾರಿ ಎಂದು ಮನೆಯವರು ಕರೆದವನ ಲೆಕ್ಕಪುಸ್ತಕ ಇದು.

ಇಲ್ಲಿಯೂ ಗ್ರಂಥಾಲಯ ಒಂದು ಗುಟ್ಟನ್ನು ಬಿಟ್ಟುಕೊಟ್ಟಿದೆ. 1852ರಲ್ಲಿ ಬೋದಿಲೇರ್ ಪೋ ಕುರಿತು ಒಂದು ದೀರ್ಘ ಲೇಖನ ಬರೆದ. ಅದು ಅವನ ಸ್ವಂತ ಅಧ್ಯಯನ ಎಂದೇ ನೂರು ವರ್ಷ ಜನ ನಂಬಿದ್ದರು. ಅಮೆರಿಕದ ವಿದ್ವಾಂಸ ಡಬ್ಲ್ಯು. ಟಿ. ಬ್ಯಾಂಡಿ ಹಳೆಯ ಅಮೆರಿಕನ್ ಮಾಸಪತ್ರಿಕೆಗಳನ್ನು ತೆರೆದು ಸಾಲಿಗೆ ಸಾಲು ಹೋಲಿಸಿ ನೋಡಿದರು. ಲೇಖನದ ದೊಡ್ಡ ಭಾಗ 1850ರಲ್ಲಿ ಅಲ್ಲಿ ಬಂದಿದ್ದ ವಿಮರ್ಶೆಯೊಂದರಿಂದ ಎತ್ತಿಕೊಂಡದ್ದಾಗಿತ್ತು. ಅಸೈನ್‌ಮೆಂಟಿಗೆ ಅಲ್ಲಿಂದಿಲ್ಲಿಂದ ಎತ್ತಿ ಹಾಕುವ ನಮ್ಮ ಕಾಲದವರು ಇದನ್ನು ನೆನಪಿಡಬೇಕು: ನೂರು ವರ್ಷ ಕಳೆದರೂ ಯಾರೋ ಒಬ್ಬರು ಎರಡು ಪುಟಗಳನ್ನು ಅಕ್ಕಪಕ್ಕ ಇಡುತ್ತಾರೆ. ಬ್ಯಾಂಡಿ ಇದನ್ನು ಬಯಲಿಗೆಳೆದದ್ದು ಕವಿಯ ಮೇಲಿನ ಹಗೆಯಿಂದಲ್ಲ. ಜೀವನವಿಡೀ ಬೋದಿಲೇರನ ಬಗೆಗಿನ ಪುಸ್ತಕಗಳನ್ನು ಕೂಡಿಹಾಕಿದವರು ಅವರು. ಅಮೆರಿಕದ ನ್ಯಾಶ್‌ವಿಲ್ ನಗರದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಬೋದಿಲೇರ್ ಅಧ್ಯಯನ ಕೇಂದ್ರವಿದೆ. ಪ್ಯಾರಿಸಿನಿಂದ ಸಮುದ್ರದಾಚೆಯ ಊರೊಂದರಲ್ಲಿ ಇಂಥ ಸಂಗ್ರಹ ಬೆಳೆಯಿತು ಎಂಬುದು ದೂರದ ಊರುಗಳಲ್ಲಿರುವ ನಮಗೆ ಧೈರ್ಯ ಕೊಡುವ ಸಂಗತಿ.

ಇನ್ನು ಆ ಹೆಸರಾಂತ ಪುಸ್ತಕದ ಮಾತು. ‘ಪಾಪದ ಹೂಗಳು’ 1857ರ ಜೂನ್ 25ರಂದು ಮಾರಾಟಕ್ಕೆ ಬಂತು. ಪ್ರಕಾಶಕ ಪುಲೆ-ಮಾಲಾಸಿ, ಅಲೆನ್ಸೋನ್ ಎಂಬ ಸಣ್ಣ ಊರಿನವನು. ಅಚ್ಚಿನ ಕರಡು ತಿಂಗಳುಗಟ್ಟಲೆ ಅಲೆನ್ಸೋನ್‌ನಿಂದ ಪ್ಯಾರಿಸಿಗೆ, ಪ್ಯಾರಿಸಿನಿಂದ ಅಲೆನ್ಸೋನ್‌ಗೆ ಓಡಾಡಿತು. ಒಂದು ಅಲ್ಪವಿರಾಮಕ್ಕಾಗಿ, ಒಂದು ಅಕ್ಷರದ ದಪ್ಪಕ್ಕಾಗಿ ಕವಿ ಜಗಳವಾಡಿದ. ಪ್ರಕಾಶಕ ಬೇಸತ್ತ. ಅವನು ಕೈಯಾರೆ ತಿದ್ದಿದ ಆ ಕರಡು ಇಂದು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅಮಲಿನಲ್ಲಿ ತೋಚಿದ್ದು ಗೀಚಿದವನು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಜುಲೈ ಮೊದಲ ವಾರದಲ್ಲಿ ಪತ್ರಿಕೆಯೊಂದು ಪುಸ್ತಕವನ್ನು ಅಶ್ಲೀಲವೆಂದು ಹಳಿಯಿತು. ಆಗಸ್ಟ್ 20ರಂದು ವಿಚಾರಣೆ. ವಾದ ಮಂಡಿಸಿದ ಸರ್ಕಾರಿ ವಕೀಲ ಅರ್ನೆಸ್ಟ್ ಪಿನಾರ್. ಅದೇ ವರ್ಷದ ಆರಂಭದಲ್ಲಿ ಫ್ಲೋಬೇರನ ‘ಮದಾಂ ಬೊವಾರಿ’ ಕಾದಂಬರಿಯ ಮೇಲೆ ಮೊಕದ್ದಮೆ ನಡೆಸಿ ಸೋತವನು. ಈ ಸಲ ಗೆದ್ದ. ಕವಿಗೆ 300 ಫ್ರಾಂಕ್ ದಂಡ ಬಿತ್ತು, ಆರು ಕವಿತೆಗಳನ್ನು ಪುಸ್ತಕದಿಂದ ಕಿತ್ತುಹಾಕಬೇಕೆಂದು ಆದೇಶವಾಯಿತು. ದಂಡ ಕಟ್ಟಲು ಹಣವಿಲ್ಲದೆ ಕವಿ ಮಹಾರಾಣಿಗೆ ಪತ್ರ ಬರೆದ. ಅದು 50 ಫ್ರಾಂಕಿಗೆ ಇಳಿಯಿತು. ಆದರೆ ಆರು ಕವಿತೆಗಳು ಮರಳಿ ಬರಲಿಲ್ಲ.

ಅವನು ಸುಮ್ಮನೆ ಕೂರಲಿಲ್ಲ. ಆರು ಹೋದ ಜಾಗದಲ್ಲಿ ಮೂವತ್ತಕ್ಕೂ ಹೆಚ್ಚು ಹೊಸ ಕವಿತೆ ಬರೆದು ಸೇರಿಸಿದ. ಪ್ಯಾರಿಸಿನ ಬೀದಿಗಳ ಬಗ್ಗೆಯೇ ಒಂದು ಹೊಸ ಭಾಗ ಕಟ್ಟಿದ. 1861ರಲ್ಲಿ ಎರಡನೆಯ ಆವೃತ್ತಿ ಬಂತು. ಕವಿಯ ಮರಣದ ನಂತರ 1868ರಲ್ಲಿ ಗೆಳೆಯರು ಮೂರನೆಯದನ್ನು ತಂದರು. ಆರಂಭದ ಕವಿತೆಯನ್ನು ಬಿಟ್ಟು ಎಣಿಸಿದರೆ ಮೊದಲ ಆವೃತ್ತಿಯಲ್ಲಿ 100, ಎರಡನೆಯದರಲ್ಲಿ 126, ಮೂರನೆಯದರಲ್ಲಿ 151 ಕವಿತೆಗಳಿವೆ. ಕೋರ್ಟು ತೆಗೆದುಹಾಕಿದ ಆರನ್ನು ಪುಲೆ-ಮಾಲಾಸಿ 1866ರಲ್ಲಿ ಬೆಲ್ಜಿಯಂನಲ್ಲಿ ಬೇರೆಯೇ ಪುಸ್ತಕವೊಂದರಲ್ಲಿ ಅಚ್ಚು ಹಾಕಿದ.

ಒಂದೇ ಹೆಸರಿನ ಪುಸ್ತಕ ಮೂರು ರೂಪದಲ್ಲಿದೆ ಎಂದರೆ, ಈ ಕವಿಯ ಬಗ್ಗೆ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ನನ್ನ ಕೈಯಲ್ಲಿರುವುದು ಯಾವ ಆವೃತ್ತಿಯ ಅನುವಾದ ಎಂಬುದು. ಶೀರ್ಷಿಕೆಯ ಹಿಂದಿನ ಪುಟವನ್ನು ನಾವು ಸಾಮಾನ್ಯವಾಗಿ ದಾಟಿಬಿಡುತ್ತೇವೆ. ಉತ್ತರ ಇರುವುದೇ ಅಲ್ಲಿ.

ಕೊನೆಯ ವರ್ಷಗಳು ಕಷ್ಟದವು. 1862ರಲ್ಲಿ ಪ್ರಕಾಶಕ ದಿವಾಳಿಯಾದ. ಫ್ರೆಂಚ್ ಅಕಾಡೆಮಿಯ ಸ್ಥಾನಕ್ಕೆ ಅರ್ಜಿ ಹಾಕಿದ್ದ ಕವಿ ಯಾರೂ ಒಪ್ಪುವುದಿಲ್ಲವೆಂದು ತಿಳಿದು ಹಿಂತೆಗೆದುಕೊಂಡ. 1864ರಲ್ಲಿ ಉಪನ್ಯಾಸ ಕೊಟ್ಟು ಹಣ ಸಂಪಾದಿಸಬಹುದೆಂದು ಬ್ರಸೆಲ್ಸ್‌ಗೆ ಹೋದ. ಕೇಳಲು ಬಂದವರು ಬೆರಳೆಣಿಕೆಯಷ್ಟು. 1866ರ ಮಾರ್ಚಿನಲ್ಲಿ ನಾಮೂರ್ ಎಂಬ ಊರಿನ ಚರ್ಚಿನಲ್ಲಿ ಕುಸಿದುಬಿದ್ದ. ಬಲಭಾಗಕ್ಕೆ ಲಕ್ವ ಹೊಡೆಯಿತು, ಮಾತು ನಿಂತಿತು. ಅಲ್ಪವಿರಾಮಕ್ಕಾಗಿ ಜಗಳವಾಡಿದವನ ನಾಲಿಗೆಯಲ್ಲಿ ಕೊನೆಗೆ ಉಳಿದದ್ದು ಒಂದು ಬೈಗುಳದ ತುಣುಕು ಮಾತ್ರ. 1867ರ ಆಗಸ್ಟ್ 31ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ತಾಯಿಯ ಎದುರಿಗೇ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಮೋಂಪರ್ನಾಸ್‌ನಲ್ಲಿ, ಜೀವನವಿಡೀ ಹೊಂದಿಕೊಳ್ಳದ ಮಲತಂದೆ ಒಪಿಕ್ ಅವರ ಸಮಾಧಿಯಲ್ಲೇ.

ಕತೆ ಅಲ್ಲಿಗೆ ಮುಗಿಯಲಿಲ್ಲ. 1946ರಲ್ಲಿ ಫ್ರಾನ್ಸಿನಲ್ಲಿ ಹೊಸ ಕಾನೂನು ಬಂತು. ಶಿಕ್ಷೆಗೊಳಗಾದ ಹಳೆಯ ಪುಸ್ತಕಗಳ ಮರುವಿಚಾರಣೆಗೆ ಲೇಖಕರ ಸಂಘ ಅರ್ಜಿ ಹಾಕಬಹುದಾಯಿತು. 1949ರ ಮೇ 31ರಂದು ದೇಶದ ಉನ್ನತ ನ್ಯಾಯಾಲಯ 1857ರ ತೀರ್ಪನ್ನು ರದ್ದು ಮಾಡಿತು. ಕವಿ ಸತ್ತು ಎಂಬತ್ತೆರಡು ವರ್ಷವಾಗಿತ್ತು. ಆ ಆರು ಕವಿತೆಗಳು ಅಷ್ಟು ಕಾಲ ಉಳಿದದ್ದು ಯಾರೋ ಅಚ್ಚು ಹಾಕಿ, ಯಾರೋ ಕಪಾಟಿನಲ್ಲಿ ಜೋಪಾನ ಮಾಡಿದ್ದರಿಂದ.

ಪುಸ್ತಕ ಉಳಿಸುವುದೆಂದರೆ ಏನೆಂದು ನಮ್ಮ ಮುಂಡಗೋಡದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಮ್ಮ ತಾಲ್ಲೂಕಿನ ಟಿಬೆಟನ್ ಕ್ಯಾಂಪಿನಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳಿವೆ. ಭಾರತದಲ್ಲಿ ಮೂಲ ಸಂಸ್ಕೃತ ಕಳೆದುಹೋದ ಎಷ್ಟೋ ಬೌದ್ಧ ಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಉಳಿದುಕೊಂಡಿವೆ. ಅನುವಾದಕನೊಬ್ಬ, ಗ್ರಂಥಾಲಯವೊಂದು ಇದ್ದರೆ ಮಾತು ದೇಶ ದಾಟಿ, ಶತಮಾನ ದಾಟಿ ಬದುಕುತ್ತದೆ. ಪೋ ಫ್ರೆಂಚಿಗೆ ಬಂದದ್ದು ಬೋದಿಲೇರನಿಂದ, ಬೋದಿಲೇರ್ ಕನ್ನಡಕ್ಕೆ ಬಂದದ್ದು ಲಂಕೇಶರಿಂದ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿ, ಇಂಗ್ಲಿಷ್ ಮೇಷ್ಟ್ರಾಗಿದ್ದ ಲಂಕೇಶ್ ತಮ್ಮ ಪತ್ರಿಕೆ ಆರಂಭಿಸುವ ಮೊದಲೇ ಈ ಕೆಲಸ ಮಾಡಿದ್ದರು.

ಹುಡುಕುವ ಗೆಳೆಯರಿಗೆ ಕೆಲವು ಗುರುತುಗಳು. ಡ್ಯೂಯಿ ಪದ್ಧತಿಯ ಗ್ರಂಥಾಲಯಗಳಲ್ಲಿ ಫ್ರೆಂಚ್ ಕಾವ್ಯದ ಅಂಕಿ 841, ಕನ್ನಡ ಸಾಹಿತ್ಯದ್ದು 894.814. ಅನುವಾದಗಳು ಎರಡರಲ್ಲಿ ಎಲ್ಲಿ ಬೇಕಾದರೂ ಇರಬಹುದು, ಎರಡೂ ಕಡೆ ನೋಡಿ. ಕವಿಯ ಹೆಸರನ್ನು ಕನ್ನಡದಲ್ಲಿ ಬೋದಿಲೇರ್, ಬೊದಿಲೇರ್, ಬೋದಲೇರ್ ಎಂದು ನಾನಾ ರೀತಿ ಬರೆಯುತ್ತಾರೆ. ಕ್ಯಾಟಲಾಗಿನಲ್ಲಿ ಒಂದು ಸಿಗದಿದ್ದರೆ ಇನ್ನೊಂದು ಹಾಕಿ, ಇಲ್ಲವೇ ಲಂಕೇಶರ ಹೆಸರಿನಿಂದ ಹುಡುಕಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ತನ್ನ ‘ಗ್ಯಾಲಿಕಾ’ ಎಂಬ ಡಿಜಿಟಲ್ ವಿಭಾಗದಲ್ಲಿ ಹಳೆಯ ಆವೃತ್ತಿಗಳನ್ನು ಪುಟಪುಟವೂ ಉಚಿತವಾಗಿ ತೆರೆದಿಟ್ಟಿದೆ. ಫ್ರೆಂಚ್ ಬಾರದಿದ್ದರೂ ಪರಿವಿಡಿಯ ಸಂಖ್ಯೆ ಎಣಿಸಬಹುದು, ಇಸವಿ ನೋಡಬಹುದು. ನಮ್ಮ ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಆ ಕಪಾಟುಗಳಿಗೆ ನಮ್ಮ ಮನೆಯವರು ಆಗಲೇ ದುಡ್ಡು ಕೊಟ್ಟಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆಂದು ಒಳಗೆ ಹೋದವರು ಹತ್ತು ನಿಮಿಷ ಮಾಡಿಕೊಂಡು ಪಕ್ಕದ ಸಾಲಿನ ಕಡೆಗೂ ಹೋಗಿ ಬನ್ನಿ. ಪುಸ್ತಕ ಕೈಗೆ ಸಿಕ್ಕರೆ ಮೊದಲು ಶೀರ್ಷಿಕೆಯ ಹಿಂದಿನ ಪುಟ ತೆರೆಯಿರಿ.